ಪ್ರೈಮೇಟ್ ಜೀನೋಮ್ ಒಂದನ್ನು ಜೀನೋಮ್ ಬ್ರೌಸರಿಗೆ ಸೇರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೋತಿ, ಸಿಂಗಳೀಕ, ಮುಸುವ, ಕಾಡುಪಾಪ, ಚಿಂಪಾಂಜಿ ಇಂಥ ಪ್ರೈಮೇಟ್‌ಗಳಲ್ಲಿ ಯಾವುದೋ ಒಂದರ ಜೀನೋಮ್ (ಎ, ಸಿ, ಜಿ, ಟಿ ಅಕ್ಷರಗಳಲ್ಲಿ ಬರೆದ ಡಿಎನ್‌ಎಯ ಪೂರ್ಣ ಪಾಠ) ಕೈಗೆ ಬಂದಿದೆ, ಅದನ್ನು ಜಾಲದಲ್ಲಿ ಎಲ್ಲರೂ ತೆರೆದು ನೋಡುವಂತೆ ಮಾಡಬೇಕು ಎನ್ನುವವರಿಗಾಗಿ ಈ ಪುಟ. ಜೀವವಿಜ್ಞಾನ ಓದಿ ಕಂಪ್ಯೂಟರ್ ಕೆಲಸಕ್ಕೆ ಹೊಸಬರಾದವರು, ಕಂಪ್ಯೂಟರ್ ಓದಿ ಜೀವವಿಜ್ಞಾನಕ್ಕೆ ಹೊಸಬರಾದವರು, ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಉದಾಹರಣೆ ಬೇಕಾದಲ್ಲಿ ಹೆಚ್ಚಾಗಿ ರೀಸಸ್ ಕೋತಿಯ ಎಂಮುಲ್_10 ಎಂಬ ಜೋಡಣೆಯನ್ನೂ (ತುಣುಕು ತುಣುಕಾಗಿ ಓದಿದ ಡಿಎನ್‌ಎಯನ್ನು ಸೇರಿಸಿ ಕಟ್ಟಿದ ಜೀನೋಮ್ ಪ್ರತಿ), ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಆವರಣದ ಬ್ರೌಸರನ್ನೂ (ಯುಸಿಎಸ್‌ಸಿ) ತೆಗೆದುಕೊಂಡಿದ್ದೇನೆ.

ಜೀನೋಮ್ ಬ್ರೌಸರ್ ಎಂದರೆ ಏನು? ಅದಕ್ಕೆ ಆಕರ ಜೀನೋಮ್ ಏಕೆ ಬೇಕು?

ಒಂದು ಪ್ರಾಣಿಯ ವರ್ಣತಂತುಗಳನ್ನು ಉದ್ದಕ್ಕೆ ಹಾಸಿ, ಯಾವ ಜಾಗದಲ್ಲಿ ಯಾವ ಜೀನ್ ಇದೆ, ಎಲ್ಲಿ ಪುನರಾವರ್ತನೆ ಇದೆ, ಬೇರೆ ಪ್ರಾಣಿಗಳಲ್ಲಿ ಅದೇ ಭಾಗ ಹೇಗಿದೆ ಎಂಬುದನ್ನು ಒಂದರ ಕೆಳಗೊಂದು ಸಾಲಾಗಿ ತೋರಿಸುವ ತಾಣವೇ ಜೀನೋಮ್ ಬ್ರೌಸರ್. ಈ ಸಾಲುಗಳನ್ನು ಟ್ರ್ಯಾಕ್ ಎನ್ನುತ್ತಾರೆ. ಯುಸಿಎಸ್‌ಸಿ ತಂಡ ಮಾನವ ಜೀನೋಮ್‌ನ ಕರಡನ್ನು 2000ದ ಜುಲೈ 7ರಂದು ಜಾಲದಲ್ಲಿ ಬಿಡುಗಡೆ ಮಾಡಿತು. ಅದನ್ನು ನೋಡಲು ಸಾಧನ ಬೇಕೆಂದು ಬೆಳೆದದ್ದು ಅಲ್ಲಿನ ಬ್ರೌಸರ್. ಬ್ರಿಟನ್ನಿನ ಹಿಂಕ್ಸ್‌ಟನ್‌ನಲ್ಲಿ ಎನ್‌ಸೆಂಬಲ್, ಅಮೆರಿಕದ ಸರ್ಕಾರಿ ಜೈವಿಕ ದತ್ತಾಂಶ ಕೇಂದ್ರವಾದ ಎನ್‌ಸಿಬಿಐಯಲ್ಲಿ ಮತ್ತೊಂದು ವೀಕ್ಷಕ, ಇವೆಲ್ಲ ಅದೇ ಬಗೆಯವು.

ಎಲ್ಲ ಟ್ರ್ಯಾಕ್‌ಗಳೂ ನಿಲ್ಲುವುದು ಆಕರ ಜೀನೋಮ್, ಅಂದರೆ ಅಳತೆಗೋಲಾಗಿ ಇಟ್ಟುಕೊಂಡ ಒಂದು ಜೋಡಣೆಯ ಮೇಲೆ. ‘ಒಂದನೆಯ ವರ್ಣತಂತುವಿನ ಹತ್ತು ಲಕ್ಷದನೆಯ ಅಕ್ಷರ’ ಎಂದಾಗ ಅದು ಯಾವ ಜೋಡಣೆಯ ಹತ್ತು ಲಕ್ಷದನೆಯ ಅಕ್ಷರ ಎಂದು ಹೇಳದಿದ್ದರೆ ಆ ಮಾತಿಗೆ ಅರ್ಥವೇ ಇಲ್ಲ. ಈ ಪುಟದ ಅರ್ಧದಷ್ಟು ಉತ್ತರಗಳು ಬೇರೆ ಬೇರೆ ರೂಪದಲ್ಲಿ ಇದನ್ನೇ ಹೇಳುತ್ತವೆ. ಜೀನೋಮ್ ಸೇರಿಸುವ ಕೆಲಸದಲ್ಲಿ ಕಷ್ಟವಾದದ್ದು ಕಂಪ್ಯೂಟರ್ ಭಾಗವಲ್ಲ. ಯಾವ ಪ್ರಾಣಿ, ಯಾವ ಆವೃತ್ತಿ, ಯಾವ ಹೆಸರು ಎಂಬ ಮೂರನ್ನು ಮೊದಲಿನಿಂದ ಕೊನೆಯವರೆಗೆ ಕೈಬಿಡದೆ ಹಿಡಿದುಕೊಳ್ಳುವುದೇ ಕಷ್ಟ.

ನನ್ನ ಪ್ರಾಣಿ ಈಗಾಗಲೇ ಬ್ರೌಸರಿನಲ್ಲಿ ಇದೆಯೇ ಎಂದು ತಿಳಿಯುವುದು ಹೇಗೆ?

ಮೊದಲು ಎನ್‌ಸಿಬಿಐಯ ಜೀನೋಮ್ ವಿಭಾಗದಲ್ಲಿ ವೈಜ್ಞಾನಿಕ ಹೆಸರಿನಿಂದ ಹುಡುಕಿ. ‘ಮಂಕಿ’ ಎಂದು ಹುಡುಕಬೇಡಿ, ‘ಮಕಾಕಾ ಮುಲಾಟಾ’ ಎಂದೇ ಹುಡುಕಿ. ಸಿಕ್ಕ ಜೋಡಣೆಯ ಪ್ರವೇಶ ಸಂಖ್ಯೆಯನ್ನು (ಭಂಡಾರ ಕೊಟ್ಟ ಗುರುತಿನ ಸಂಖ್ಯೆ) ಬರೆದಿಟ್ಟುಕೊಂಡು ಅದೇ ಸಂಖ್ಯೆಯನ್ನು ಬ್ರೌಸರಿನ ಹುಡುಕು ಪೆಟ್ಟಿಗೆಗೆ ಹಾಕಿ. ಯುಸಿಎಸ್‌ಸಿಯಲ್ಲಿ ಕೆಲವೇ ಪ್ರಾಣಿಗಳಿಗೆ ಹಳೆಯ ಪದ್ಧತಿಯ ಅಡ್ಡಹೆಸರುಗಳಿವೆ: ಮಾನವನಿಗೆ ಎಚ್‌ಜಿ38, ಚಿಂಪಾಂಜಿಗೆ ಪ್ಯಾನ್‌ಟ್ರೊ6, ರೀಸಸ್ ಕೋತಿಗೆ ರೆಮ್ಯಾಕ್10 (ಎಂಮುಲ್_10 ಎಂಬುದು ಇದೇ). ಉಳಿದ ಸಾವಿರಾರು ಜೀನೋಮ್‌ಗಳು ಅಲ್ಲಿನ ಜೆನ್‌ಆರ್ಕ್ ಎಂಬ ಸಂಗ್ರಹದಲ್ಲಿವೆ. ಅಲ್ಲಿ ಪ್ರವೇಶ ಸಂಖ್ಯೆಯೇ ಜೀನೋಮ್‌ನ ಹೆಸರು. ಅಡ್ಡಹೆಸರು ಕಾಣಲಿಲ್ಲವೆಂದು ‘ನಮ್ಮ ಪ್ರಾಣಿ ಇಲ್ಲ’ ಎಂದು ತೀರ್ಮಾನಿಸುವವರು ಬಹಳ. ಜೆನ್‌ಆರ್ಕನ್ನು ನೋಡಿದ ಮೇಲಷ್ಟೇ ಆ ಮಾತು ಹೇಳಿ.

ಜಿಸಿಎ, ಜಿಸಿಎಫ್ ಎಂದು ಎರಡು ಬಗೆಯ ಪ್ರವೇಶ ಸಂಖ್ಯೆಗಳು ಏಕೆ?

ಜಿಸಿಎ ಎಂದರೆ ಸಂಶೋಧಕರು ಸಾರ್ವಜನಿಕ ಭಂಡಾರಕ್ಕೆ ಒಪ್ಪಿಸಿದ ಮೂಲ ಪ್ರತಿ. ಜಿಸಿಎಫ್ ಎಂದರೆ ಎನ್‌ಸಿಬಿಐಯಲ್ಲಿ ಆಕರ ಅನುಕ್ರಮಗಳನ್ನು ನೋಡಿಕೊಳ್ಳುವ ರೆಫ್‌ಸೀಕ್ ವಿಭಾಗ ತನ್ನ ಬಳಕೆಗೆ ತೆಗೆದುಕೊಂಡ ಪ್ರತಿ. ಜಿಸಿಎಫ್ ಇದ್ದರೆ ಸಾಮಾನ್ಯವಾಗಿ ರೆಫ್‌ಸೀಕ್‌ನ ಜೀನ್ ಪಟ್ಟಿಯೂ ಇರುತ್ತದೆ. ಎಂಮುಲ್_10ರ ರೆಫ್‌ಸೀಕ್ ಸಂಖ್ಯೆ ಜಿಸಿಎಫ್_003339765.1. ಚುಕ್ಕಿಯ ನಂತರದ ಅಂಕಿ ಆವೃತ್ತಿ. ಪ್ರಬಂಧದಲ್ಲಿ ಬರೆಯುವಾಗ ಆ ಚುಕ್ಕಿ ಮತ್ತು ಅಂಕಿಯನ್ನು ಬಿಟ್ಟರೆ ಓದುವವರಿಗೆ ಯಾವ ಆವೃತ್ತಿ ಎಂದು ತಿಳಿಯುವುದಿಲ್ಲ. ಎರಡೂ ಪ್ರತಿಗಳಲ್ಲಿ ಅಕ್ಷರಗಳು ಬಹುತೇಕ ಒಂದೇ ಇರುತ್ತವೆ, ಆದರೆ ವರ್ಣತಂತುಗಳ ಹೆಸರು ಬೇರೆ. ಮೈಟೊಕಾಂಡ್ರಿಯದ ಅನುಕ್ರಮ (ಅಕ್ಷರಗಳ ಸಾಲು) ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದೂ ಉಂಟು.

ಆಕರ ಜೀನೋಮ್ ಎಂದರೆ ಇಡೀ ಪ್ರಭೇದದ ಸರಾಸರಿಯೇ?

ಅಲ್ಲ. ಹೆಚ್ಚಿನ ಪ್ರೈಮೇಟ್ ಆಕರ ಜೀನೋಮ್‌ಗಳು ಒಂದೇ ಒಂದು ಪ್ರಾಣಿಯವು. 2005ರಲ್ಲಿ ಪ್ರಕಟವಾದ ಚಿಂಪಾಂಜಿ ಜೀನೋಮ್ ಮುಖ್ಯವಾಗಿ ಕ್ಲಿಂಟ್ ಎಂಬ ಗಂಡು ಚಿಂಪಾಂಜಿಯದು. ಗೊರಿಲ್ಲಾದ್ದು ಕಮಿಲಾ ಎಂಬ ಹೆಣ್ಣಿನದು. 2007ರಲ್ಲಿ ಪ್ರಕಟವಾದ ರೀಸಸ್ ಕೋತಿಯ ಮೊದಲ ಜೀನೋಮ್ ಭಾರತೀಯ ಮೂಲದ ಒಂದು ಹೆಣ್ಣಿನದು. ಪೋಲಿಯೊ ಲಸಿಕೆಯ ಕಾಲದಲ್ಲಿ ಭಾರತದಿಂದ ಅಮೆರಿಕಕ್ಕೆ ಅಪಾರ ಸಂಖ್ಯೆಯಲ್ಲಿ ಕೋತಿಗಳು ಹೋದವು, 1978ರಲ್ಲಿ ಭಾರತ ಆ ರಫ್ತನ್ನು ನಿಷೇಧಿಸಿತು. ಅಲ್ಲಿನ ಸಂಶೋಧನಾ ಕೇಂದ್ರಗಳ ಕೋತಿಗಳಲ್ಲಿ ಬಹುಪಾಲು ಆ ಸಂತತಿಯೇ. ಚೀನಾ ಮೂಲದ ರೀಸಸ್ ಕೋತಿಗಳಿಗೂ ಭಾರತೀಯ ಮೂಲದವಕ್ಕೂ ಅನುಕ್ರಮದಲ್ಲಿ ವ್ಯತ್ಯಾಸವಿದೆ.

ಆದ್ದರಿಂದ ಜೀನೋಮ್ ಸೇರಿಸುವಾಗ ವಿವರಣೆಯ ಪುಟದಲ್ಲಿ ಪ್ರಾಣಿಯ ಲಿಂಗ, ಮೂಲ ಪ್ರದೇಶ, ಮಾದರಿಯ ಗುರುತು, ರಕ್ತವೋ ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಸಾಲೋ ಎಂಬುದು, ಇಷ್ಟನ್ನಾದರೂ ಬರೆಯಿರಿ. ಲಿಂಗ ಏಕೆ ಎಂದರೆ, ಹೆಣ್ಣಿನ ಮಾದರಿಯಾದರೆ ವೈ ವರ್ಣತಂತು ಇರುವುದಿಲ್ಲ, ಅಥವಾ ಬೇರೆ ಗಂಡಿನಿಂದ ತಂದು ಸೇರಿಸಿರುತ್ತಾರೆ. ಇದು ಗೊತ್ತಿಲ್ಲದೆ ‘ಈ ಪ್ರಭೇದದಲ್ಲಿ ವೈ ಮೇಲಿನ ಇಂಥ ಜೀನ್ ಇಲ್ಲ’ ಎಂಬ ತೀರ್ಮಾನಕ್ಕೆ ಬರುವುದು ಸುಲಭ.

ಸೇರಿಸಲು ಯಾವ ಯಾವ ದಾರಿಗಳಿವೆ?

ಜೀನೋಮ್ ಈಗಾಗಲೇ ಎನ್‌ಸಿಬಿಐಯ ಸಾರ್ವಜನಿಕ ಭಂಡಾರವಾದ ಜೆನ್‌ಬ್ಯಾಂಕ್‌ನಲ್ಲೋ, ಅದರ ಜೊತೆ ದತ್ತಾಂಶ ಹಂಚಿಕೊಳ್ಳುವ ಯುರೋಪ್ ಅಥವಾ ಜಪಾನಿನ ಭಂಡಾರದಲ್ಲೋ ಇದ್ದು ಪ್ರವೇಶ ಸಂಖ್ಯೆ ಪಡೆದಿದ್ದರೆ ಅತಿ ಸುಲಭದ ದಾರಿ ಮನವಿ ಸಲ್ಲಿಸುವುದು. ಯುಸಿಎಸ್‌ಸಿಯಲ್ಲಿ ಜೋಡಣೆ ಕೋರಿಕೆಯ ಪುಟವಿದೆ. ಅಲ್ಲಿ ಹುಡುಕಿ, ಕೋರಿಕೆ ಕಳುಹಿಸಿದರೆ ಅವರೇ ಜೆನ್‌ಆರ್ಕ್‌ಗೆ ಸೇರಿಸುತ್ತಾರೆ. ಅಂತರಗಳು (ಅನುಕ್ರಮ ಗೊತ್ತಿಲ್ಲದ ಜಾಗ), ಪುನರಾವರ್ತನೆಗಳು, ಜಿಸಿ ಪ್ರಮಾಣ (ಜಿ ಮತ್ತು ಸಿ ಅಕ್ಷರಗಳ ಪಾಲು), ಲಭ್ಯವಿದ್ದರೆ ರೆಫ್‌ಸೀಕ್ ಜೀನ್‌ಗಳು, ಇವೆಲ್ಲ ಟ್ರ್ಯಾಕ್‌ಗಳಾಗಿ ಬರುತ್ತವೆ. ಹಣ ಕೊಡಬೇಕಾಗಿಲ್ಲ, ಸರ್ವರ್ ಇಟ್ಟುಕೊಳ್ಳಬೇಕಾಗಿಲ್ಲ. ಈ ದಾರಿ ತೆರೆದಿರುವಾಗ ಬೇರೆ ದಾರಿ ಹಿಡಿಯಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ.

ಜೀನೋಮ್ ಇನ್ನೂ ಭಂಡಾರ ಸೇರಿಲ್ಲ ಅಥವಾ ನಿಮ್ಮದೇ ಟ್ರ್ಯಾಕ್‌ಗಳು ಹೆಚ್ಚಾಗಿ ಇವೆ ಎಂದಾದರೆ ಜೋಡಣೆ ಹಬ್ ಕಟ್ಟಬೇಕು. ಹಬ್ ಎಂದರೆ ನಿಮ್ಮ ಸರ್ವರಿನಲ್ಲಿ ಕೂತಿರುವ ಕೆಲವು ಫೈಲ್‌ಗಳು. ಬ್ರೌಸರ್ ತನಗೆ ಬೇಕಾದಷ್ಟನ್ನು ಅಲ್ಲಿಂದ ಎಳೆದುಕೊಂಡು ಚಿತ್ರ ಬಿಡಿಸುತ್ತದೆ.

ಇದಲ್ಲದೆ ಐಜಿವಿ ಅಥವಾ ಜೆಬ್ರೌಸ್ 2ರಂಥ, ಜೀನೋಮ್ ತೋರಿಸುವ ಬೇರೆ ಸಾಧನಗಳನ್ನು ನಿಮ್ಮದೇ ತಾಣದಲ್ಲಿ ಇಟ್ಟುಕೊಳ್ಳಬಹುದು. ಸಣ್ಣ ತಂಡಕ್ಕೆ ಇದು ಸಾಕು. ಎನ್‌ಸೆಂಬಲ್‌ಗೆ ಸೇರಿಸಿಕೊಳ್ಳುವುದು ಆ ತಂಡದ ಆಯ್ಕೆ. ಅವರು ತಮ್ಮದೇ ವಿಧಾನದಿಂದ ಜೀನ್‌ಗಳನ್ನು ಗುರುತಿಸುವುದರಿಂದ ಸಮಯ ಹಿಡಿಯುತ್ತದೆ, ಆದರೆ ಫಲ ಚೆನ್ನಾಗಿರುತ್ತದೆ.

ಹಬ್ ಕಟ್ಟಲು ಏನೇನು ಬೇಕು?

ಅನುಕ್ರಮದ ಫಾಸ್ಟಾ ಫೈಲ್ (ಅಕ್ಷರಗಳನ್ನು ಸಾದಾ ಪಠ್ಯವಾಗಿ ಬರೆದಿಟ್ಟದ್ದು) ಮೊದಲು. ಅದನ್ನು ಟುಬಿಟ್ ರೂಪಕ್ಕೆ ಬದಲಿಸಬೇಕು, ಅದಕ್ಕೆ ಯುಸಿಎಸ್‌ಸಿ ಉಚಿತವಾಗಿ ಕೊಡುವ ಸಣ್ಣ ಸಾಧನವಿದೆ. ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳಾದ್ದರಿಂದ ಒಂದು ಅಕ್ಷರಕ್ಕೆ ಎರಡು ಬಿಟ್ ಸಾಕು, ಒಂದು ಬೈಟ್‌ನಲ್ಲಿ ನಾಲ್ಕು ಅಕ್ಷರ ಹಿಡಿಯುತ್ತದೆ. ಎಂಮುಲ್_10ರಲ್ಲಿ ಸುಮಾರು 297 ಕೋಟಿ ಅಕ್ಷರಗಳಿವೆ. ಫಾಸ್ಟಾದಲ್ಲಿ ಸುಮಾರು 3 ಗಿಗಾಬೈಟ್ ಆಗುವುದು ಟುಬಿಟ್‌ನಲ್ಲಿ ಮುಕ್ಕಾಲು ಗಿಗಾಬೈಟ್‌ನ ಆಸುಪಾಸಿಗೆ ಇಳಿಯುತ್ತದೆ.

ಆಮೇಲೆ ಹಬ್‌ನ ಪಠ್ಯ ಫೈಲ್. ಹಬ್‌ನ ಹೆಸರು, ಕಿರು ಶೀರ್ಷಿಕೆ, ಉದ್ದ ಶೀರ್ಷಿಕೆ, ಸಂಪರ್ಕದ ಇಮೇಲ್, ಜೀನೋಮ್‌ನ ಗುರುತು, ಟುಬಿಟ್ ಫೈಲ್ ಎಲ್ಲಿದೆ ಎಂಬುದು, ಪ್ರಾಣಿಯ ವೈಜ್ಞಾನಿಕ ಹೆಸರು, ಬ್ರೌಸರ್ ತೆರೆದಾಗ ಮೊದಲು ಕಾಣಬೇಕಾದ ಜಾಗ, ಇವು ಅದರಲ್ಲಿ ಒಂದೊಂದು ಸಾಲು. ಹಿಂದೆ ಇದನ್ನು ಮೂರು ಫೈಲ್‌ಗಳಲ್ಲಿ ಬರೆಯಬೇಕಿತ್ತು, ಈಗ ಒಂದೇ ಫೈಲ್‌ನಲ್ಲಿ ಬರೆಯಲು ಅವಕಾಶವಿದೆ. ಮೊದಲು ಕಾಣುವ ಜಾಗವನ್ನು ಯೋಚಿಸಿ ಆರಿಸಿ. ವರ್ಣತಂತುವಿನ ಶುರುವನ್ನೇ ಕೊಟ್ಟರೆ ಅನೇಕ ಜೋಡಣೆಗಳಲ್ಲಿ ನೋಡುಗರಿಗೆ ಬರಿದಾದ ಭಾಗ ಕಾಣುತ್ತದೆ. ಎಲ್ಲರಿಗೂ ಪರಿಚಿತವಾದ ಒಂದು ಜೀನ್ ಇರುವ ಜಾಗ ಕೊಡಿ.

ಟ್ರ್ಯಾಕ್‌ಗಳು ಬಿಗ್‌ಬೆಡ್, ಬಿಗ್‌ವಿಗ್, ಬ್ಯಾಮ್‌ನಂಥ ಸೂಚಿ ಸಹಿತ ರೂಪಗಳಲ್ಲಿ, ಅಂದರೆ ಬೇಕಾದ ಭಾಗವನ್ನಷ್ಟೇ ತೆರೆಯಬಲ್ಲ ರೂಪಗಳಲ್ಲಿ ಇರಬೇಕು. ಬರೀ ಪಠ್ಯದ ಫೈಲನ್ನು ಹಬ್ ಒಪ್ಪುವುದಿಲ್ಲ. ಬಿಗ್‌ಬೆಡ್ ಮಾಡುವ ಮೊದಲು ಸಾಲುಗಳನ್ನು ವರ್ಣತಂತು ಮತ್ತು ಸ್ಥಾನದ ಕ್ರಮದಲ್ಲಿ ಜೋಡಿಸಿರಬೇಕು. ಕೊನೆಯಲ್ಲಿ ಹಬ್‌ಚೆಕ್ ಎಂಬ ಸಾಧನವನ್ನು ಓಡಿಸಿ. ಬೇರೆಯವರಿಗೆ ಕೊಂಡಿ ಕಳುಹಿಸುವ ಮೊದಲೇ ಬಹುಪಾಲು ತಪ್ಪುಗಳನ್ನು ಅದು ಹೇಳಿಬಿಡುತ್ತದೆ.

ಫಾಸ್ಟಾದಲ್ಲಿ ಕೆಲವು ಅಕ್ಷರಗಳು ಚಿಕ್ಕವು, ಕೆಲವು ದೊಡ್ಡವು. ಎಲ್ಲವನ್ನೂ ದೊಡ್ಡದು ಮಾಡಬಹುದೇ?

ದಯವಿಟ್ಟು ಮಾಡಬೇಡಿ. ಚಿಕ್ಕ ಅಕ್ಷರಗಳು ಪುನರಾವರ್ತನೆಯ ಗುರುತು. ಪ್ರೈಮೇಟ್ ಜೀನೋಮ್‌ನ ಹತ್ತಿರ ಹತ್ತಿರ ಅರ್ಧದಷ್ಟು ಇಂಥ ಭಾಗವೇ. ಆಲು ಎಂಬ, ಪ್ರೈಮೇಟ್‌ಗಳಿಗೇ ವಿಶಿಷ್ಟವಾದ ಸುಮಾರು 300 ಅಕ್ಷರಗಳ ತುಣುಕು ಮಾನವ ಜೀನೋಮ್‌ನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಲ ಬರುತ್ತದೆ, ಒಟ್ಟು ಜೀನೋಮ್‌ನ ಹತ್ತನೇ ಒಂದು ಭಾಗ ಅದರದ್ದೇ. ಎರಡು ಪ್ರೈಮೇಟ್ ಜೀನೋಮ್‌ಗಳನ್ನು ಹೋಲಿಸುವ ತಂತ್ರಾಂಶ ಚಿಕ್ಕ ಅಕ್ಷರಗಳಿಂದ ಹೋಲಿಕೆ ಶುರು ಮಾಡುವುದಿಲ್ಲ. ಗುರುತು ಅಳಿಸಿಹೋದರೆ ಇಲ್ಲಿನ ಪ್ರತಿಯೊಂದು ಆಲುವನ್ನು ಅಲ್ಲಿನ ಪ್ರತಿಯೊಂದು ಆಲುವಿಗೆ ಹೋಲಿಸಲು ಹೊರಡುತ್ತದೆ, ಆ ಕೆಲಸ ಮುಗಿಯುವುದೇ ಇಲ್ಲ.

ಸೀಕ್ವೆನ್ಸಿಂಗ್ (ಡಿಎನ್‌ಎ ಓದುವ ಕೆಲಸ) ಮಾಡಿಸಿದ ಕಡೆಯಿಂದ ಬಂದ ಫಾಸ್ಟಾದಲ್ಲಿ ಎಲ್ಲವೂ ದೊಡ್ಡಕ್ಷರವಾಗಿದ್ದರೆ ರಿಪೀಟ್‌ಮಾಸ್ಕರ್ ಎಂಬ ತಂತ್ರಾಂಶ ಓಡಿಸಿ ಗುರುತು ಹಾಕಿಸಿ. ಸಮಯವಿಲ್ಲದಿದ್ದರೆ ವಿಂಡೋಮಾಸ್ಕರ್ ಆದರೂ ಆಗಲಿ. ಹೀಗೆ ಗುರುತು ಹಾಕಿದ (ಮಾಸ್ಕ್ ಮಾಡಿದ) ಜಾಗಕ್ಕೆ ಎನ್ ಅಕ್ಷರ ತುಂಬುವ ಆಯ್ಕೆಯೂ ಇರುತ್ತದೆ. ಬ್ರೌಸರಿಗೆ ಅದು ಬೇಡ. ನಿಜವಾದ ಅನುಕ್ರಮ ಕಳೆದುಹೋಗುತ್ತದೆ, ಜೊತೆಗೆ ಎನ್ ಎಂದರೆ ಜೋಡಣೆಯ ಅಂತರ ಎಂಬ ಸಂಪ್ರದಾಯವೂ ಕೆಡುತ್ತದೆ.

ಒಂದೇ ವರ್ಣತಂತುವಿಗೆ ನಾಲ್ಕು ನಾಲ್ಕು ಹೆಸರು ಏಕೆ? ನಾನು ಯಾವುದನ್ನು ಬಳಸಲಿ?

ಅತಿ ಹೆಚ್ಚು ಗೋಳು ತರುವ ಪ್ರಶ್ನೆ ಇದು, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ರೀಸಸ್ ಕೋತಿಯ ಒಂದನೆಯ ವರ್ಣತಂತುವನ್ನೇ ತೆಗೆದುಕೊಳ್ಳಿ. ಯುಸಿಎಸ್‌ಸಿಯಲ್ಲಿ ಅದು ‘ಸಿಎಚ್‌ಆರ್1’. ರೆಫ್‌ಸೀಕ್‌ನಲ್ಲಿ ಎನ್‌ಸಿ_041754.1. ಜೆನ್‌ಬ್ಯಾಂಕ್‌ನಲ್ಲಿ ಸಿಎಂ ಎಂದು ಆರಂಭವಾಗುವ ಇನ್ನೊಂದು ಸಂಖ್ಯೆ. ಎನ್‌ಸೆಂಬಲ್‌ನಲ್ಲಿ ಬರೀ ‘1’. ಅಕ್ಷರಗಳೆಲ್ಲ ಒಂದೇ, ಹೆಸರು ಮಾತ್ರ ನಾಲ್ಕು. ನಿಮ್ಮ ಟುಬಿಟ್ ಫೈಲ್‌ನಲ್ಲಿ ಒಂದು ಹೆಸರು, ಜೀನ್ ಪಟ್ಟಿಯಲ್ಲಿ ಇನ್ನೊಂದು ಹೆಸರು ಇದ್ದರೆ ಟ್ರ್ಯಾಕ್ ಖಾಲಿಯಾಗಿ ಬರುತ್ತದೆ. ಹಲವು ಸಲ ದೋಷದ ಸಂದೇಶವೂ ಬರುವುದಿಲ್ಲ. ಫೈಲ್ ಸರಿಯಿದೆ, ಕೊಂಡಿ ಸರಿಯಿದೆ, ಆದರೂ ಏನೂ ಕಾಣುತ್ತಿಲ್ಲ ಎಂದು ಯಾರಾದರೂ ಹೇಳಿದರೆ ಮೊದಲು ನೋಡಬೇಕಾದದ್ದು ಇದನ್ನೇ.

ಪರಿಹಾರ ಅಡ್ಡಹೆಸರುಗಳ ಕೋಷ್ಟಕ. ಒಂದು ಸಾಲಿಗೆ ಒಂದು ವರ್ಣತಂತು ಅಥವಾ ತುಣುಕು, ಒಂದು ಕಾಲಮ್‌ಗೆ ಒಂದು ಪದ್ಧತಿಯ ಹೆಸರು. ಎನ್‌ಸಿಬಿಐಯ ಪ್ರತಿ ಜೋಡಣೆಯ ಜೊತೆಗೂ ಬರುವ ‘ಅಸೆಂಬ್ಲಿ ರಿಪೋರ್ಟ್’ ಎಂಬ ಪಠ್ಯದಿಂದ ಇದನ್ನು ಸುಲಭವಾಗಿ ತಯಾರಿಸಬಹುದು. ಹಬ್‌ಗೆ ಈ ಕೋಷ್ಟಕವನ್ನು ಜೋಡಿಸಿದರೆ ನೋಡುಗರು ಯಾವ ಹೆಸರಿನಿಂದ ಹುಡುಕಿದರೂ ಸರಿಯಾದ ಜಾಗಕ್ಕೆ ಹೋಗುತ್ತಾರೆ. ಒಳಗಿನ ಮುಖ್ಯ ಹೆಸರಾಗಿ ಭಂಡಾರದ ಸಂಖ್ಯೆಯನ್ನೇ ಇಟ್ಟುಕೊಳ್ಳಿ. ಅದು ಜಗತ್ತಿನಲ್ಲಿ ಒಂದೇ ಅನುಕ್ರಮಕ್ಕೆ ಸೇರಿದ್ದು. ‘1’ ಎಂಬುದು ನೂರಾರು ಪ್ರಾಣಿಗಳಿಗೆ ಸೇರಿದ್ದು.

ಇನ್ನೊಂದು ತೊಡಕು ಪ್ರೈಮೇಟ್‌ಗಳಿಗೇ ಸೇರಿದ್ದು. ಮಾನವನಿಗೆ 46 ವರ್ಣತಂತು, ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಿಗೆ 48. ಮಾನವ ವಂಶದಲ್ಲಿ ಎರಡು ವರ್ಣತಂತುಗಳು ಕೂಡಿಕೊಂಡು ನಮ್ಮ ಎರಡನೆಯ ವರ್ಣತಂತು ಆಯಿತು. ಚಿಂಪಾಂಜಿಯ ಮೊದಲ ಜೋಡಣೆಯಲ್ಲಿ ಹಳೆಯ ಕ್ರಮಸಂಖ್ಯೆ ಇತ್ತು. ಮುಂದಿನ ಜೋಡಣೆಯಿಂದ ಮಾನವನದಕ್ಕೆ ಹೊಂದುವಂತೆ ‘2ಎ’, ‘2ಬಿ’ ಎಂದು ಬದಲಿಸಿದರು. ಹೀಗಾಗಿ ಹಳೆಯ ಪ್ರಬಂಧದ ‘ಚಿಂಪಾಂಜಿ 12’ ಹೊಸ ಜೋಡಣೆಯ 12 ಅಲ್ಲ.

ರೀಸಸ್ ಕೋತಿಯದು ಇನ್ನೂ ಬೇರೆ. ಅದಕ್ಕೆ ಒಟ್ಟು 42. ಅದರ 3ನೆಯದರಲ್ಲಿ ಮಾನವನ 7 ಮತ್ತು 21, ಅದರ 7ನೆಯದರಲ್ಲಿ ಮಾನವನ 14 ಮತ್ತು 15, ಅದರ 10ನೆಯದರಲ್ಲಿ ಮಾನವನ 20 ಮತ್ತು 22 ಸೇರಿಕೊಂಡಿವೆ. ಮಾನವನ 2 ಅಲ್ಲಿ 12 ಮತ್ತು 13 ಆಗಿ ಹಂಚಿಹೋಗಿದೆ. ‘ರೀಸಸ್ 7’ ಎಂದು ಕಂಡ ಕೂಡಲೇ ಮಾನವನ 7ನ್ನು ತೆರೆದು ಹೋಲಿಸಲು ಹೋದರೆ ದಾರಿ ತಪ್ಪಿದಂತೆಯೇ. ಗಿಬ್ಬನ್‌ಗಳಲ್ಲಂತೂ ಕುಲದಿಂದ ಕುಲಕ್ಕೆ ಸಂಖ್ಯೆಯೇ ಬೇರೆ: ನಮ್ಮ ಈಶಾನ್ಯದ ಹೂಲಾಕ್‌ಗೆ 38, ಸಿಯಾಮಂಗ್‌ಗೆ 50.

ಇತ್ತೀಚಿನ ವಾನರ (ಚಿಂಪಾಂಜಿ, ಗೊರಿಲ್ಲಾ, ಗಿಬ್ಬನ್‌ಗಳಂಥ ಬಾಲವಿಲ್ಲದ ಪ್ರೈಮೇಟ್) ಜೋಡಣೆಗಳಲ್ಲಿ ಈ ಗೊಂದಲಕ್ಕೆ ಒಳ್ಳೆಯ ಉಪಾಯ ಮಾಡಿದ್ದಾರೆ. ಆ ಪ್ರಾಣಿಯ ಕ್ರಮಸಂಖ್ಯೆಯ ಜೊತೆಗೇ ಮಾನವನ ಯಾವ ವರ್ಣತಂತುವಿಗೆ ಸಮ ಎಂಬುದನ್ನೂ ಹೆಸರಿನಲ್ಲೇ ಸೇರಿಸುತ್ತಾರೆ. ಹೆಸರು ಉದ್ದವಾದರೂ ತಪ್ಪು ತಿಳಿಯುವ ಅವಕಾಶ ಕಡಿಮೆ. ಹೊಸದಾಗಿ ಹೆಸರಿಡುವವರು ಇದನ್ನು ಅನುಸರಿಸುವುದು ಒಳ್ಳೆಯದು.

ನನ್ನ ಟ್ರ್ಯಾಕ್‌ನಲ್ಲಿ ಎಲ್ಲವೂ ಒಂದು ಅಕ್ಷರ ಪಕ್ಕಕ್ಕೆ ಸರಿದಿದೆ. ಏನು ತಪ್ಪಾಗಿದೆ?

ಎಣಿಕೆಯ ಪದ್ಧತಿ. ಜೀನೋಮ್‌ನ ಜಾಗಗಳನ್ನು ಪಟ್ಟಿ ಮಾಡುವ ಬೆಡ್ ಎಂಬ ಫೈಲ್ ರೂಪದಲ್ಲಿ ಎಣಿಕೆ ಸೊನ್ನೆಯಿಂದ ಶುರು, ಕೊನೆಯ ಸ್ಥಾನ ಲೆಕ್ಕಕ್ಕಿಲ್ಲ. ಜಿಟಿಎಫ್, ಜಿಎಫ್‌ಎಫ್, ವಿಸಿಎಫ್ ಎಂಬ ಇತರ ರೂಪಗಳಲ್ಲಿ ಎಣಿಕೆ ಒಂದರಿಂದ. ನೂರನೆಯ ಅಕ್ಷರವೊಂದನ್ನೇ ತೋರಿಸಬೇಕಾದರೆ ಬೆಡ್‌ನಲ್ಲಿ ಶುರು 99, ಕೊನೆ 100 ಎಂದು ಬರೆಯಬೇಕು. ಜಿಟಿಎಫ್‌ನಲ್ಲಿ ಶುರುವೂ 100, ಕೊನೆಯೂ 100. ಬ್ರೌಸರಿನ ಪರದೆಯ ಮೇಲೆ ಕಾಣುವುದು ಒಂದರಿಂದ ಶುರುವಾಗುವ ಎಣಿಕೆ. ರೂಪ ಬದಲಾಯಿಸಲು ಕೈಯಾರೆ ಬರೆದ ಪ್ರೋಗ್ರಾಮ್‌ಗಿಂತ ಸಿದ್ಧ ಸಾಧನಗಳೇ ಮೇಲು. ಪರೀಕ್ಷಿಸಲು ಒಂದು ಜೀನ್‌ನಲ್ಲಿ ಪ್ರೋಟೀನ್ ಸಂಕೇತ ಶುರುವಾಗುವ ಎಟಿಜಿ ಎಂಬ ಮೂರು ಅಕ್ಷರಗಳ ಮೇಲೆ ಹಿಗ್ಗಿಸಿ ನೋಡಿ. ನಿಮ್ಮ ಟ್ರ್ಯಾಕ್‌ನ ಸಂಕೇತ ಭಾಗ ಸರಿಯಾಗಿ ಅಲ್ಲಿಂದಲೇ ಶುರುವಾದರೆ ಸರಿ.

ಜೀನ್‌ಗಳ ಟ್ರ್ಯಾಕ್ ಎಲ್ಲಿಂದ ತರುವುದು?

ರೆಫ್‌ಸೀಕ್ ಅಥವಾ ಎನ್‌ಸೆಂಬಲ್‌ನ ಜೀನ್ ಪಟ್ಟಿ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಮೂರು ಮಾರ್ಗ. ಮಾನವ ಜೀನ್‌ಗಳನ್ನು ಹೋಲಿಕೆಯ ಮೂಲಕ ಈ ಜೀನೋಮ್‌ಗೆ ಸಾಗಿಸುವುದು, ಅನುಕ್ರಮವನ್ನಷ್ಟೇ ನೋಡಿ ಆಗಸ್ಟಸ್‌ನಂಥ ತಂತ್ರಾಂಶದಿಂದ ಊಹಿಸುವುದು, ಅದೇ ಪ್ರಾಣಿಯ ಆರ್‌ಎನ್‌ಎ ದತ್ತಾಂಶದಿಂದ ಕಟ್ಟುವುದು. ಮೂರನೆಯದೇ ಹೆಚ್ಚು ನಂಬಬಹುದಾದದ್ದು. 2020ರಲ್ಲಿ ಎಂಮುಲ್_10 ಪ್ರಕಟವಾದಾಗ ಅದರ ಜೀನ್‌ಗಳನ್ನು ಗುರುತಿಸಲು 65 ಲಕ್ಷ ಪೂರ್ಣ ಉದ್ದದ ಆರ್‌ಎನ್‌ಎ ಪ್ರತಿಗಳನ್ನು ಬಳಸಿದ್ದರು. ಮಾನವನಿಂದ ಸಾಗಿಸಿ ತಂದ ಪಟ್ಟಿಯಲ್ಲಿ ಮಾನವನಲ್ಲಿ ಇಲ್ಲದ, ಕೋತಿಗೆ ಮಾತ್ರ ಸೇರಿದ ಜೀನ್‌ಗಳು ಎಂದಿಗೂ ಕಾಣಿಸಿಕೊಳ್ಳುವುದಿಲ್ಲ. ಪ್ರತಿ ಟ್ರ್ಯಾಕ್‌ನ ವಿವರಣೆಯಲ್ಲಿ ಅದು ಯಾವ ಮಾರ್ಗದಿಂದ ಬಂದದ್ದು ಎಂದು ಬರೆಯಲೇಬೇಕು. ಊಹೆಯನ್ನು ಸಾಕ್ಷ್ಯದ ಬಣ್ಣದಲ್ಲಿ ತೋರಿಸುವುದು ನೋಡುಗರಿಗೆ ಮಾಡುವ ಅನ್ಯಾಯ.

ಮಾನವ ಜೀನೋಮ್‌ನ ಸ್ಥಾನವನ್ನು ಕೋತಿಯ ಜೀನೋಮ್‌ಗೆ ಬದಲಿಸುವುದು ಹೇಗೆ?

ಲಿಫ್ಟ್‌ಓವರ್ ಎಂಬ ಸಾಧನದಿಂದ. ಅದಕ್ಕೆ ಎರಡು ಜೀನೋಮ್‌ಗಳ ನಡುವಿನ ಸರಪಳಿ ಫೈಲ್ (ಇಲ್ಲಿನ ಯಾವ ಭಾಗ ಅಲ್ಲಿನ ಯಾವುದಕ್ಕೆ ಹೊಂದುತ್ತದೆ ಎಂಬ ಪಟ್ಟಿ) ಬೇಕು. ರೆಮ್ಯಾಕ್10ಕ್ಕೂ ಎಚ್‌ಜಿ38ಕ್ಕೂ ನಡುವಿನದು ಯುಸಿಎಸ್‌ಸಿಯಲ್ಲಿ ಸಿದ್ಧವಾಗಿದೆ. ಹೊಸ ಜೀನೋಮ್ ಆದರೆ ಲಾಸ್ಟ್‌ಝಡ್ ಎಂಬ ತಂತ್ರಾಂಶದಿಂದ ಹೋಲಿಸಿ, ಸರಪಳಿ ಕಟ್ಟಿ, ಅದರಿಂದ ಬಲೆ ಹೆಣೆದು (ಅತ್ಯುತ್ತಮ ಹೊಂದಿಕೆಗಳನ್ನು ಆರಿಸಿ) ಪಡೆಯಬೇಕು. ಒಂದು ಸಾಮಾನ್ಯ ಕಂಪ್ಯೂಟರಿನಲ್ಲಿ ಮಾಡುವಂಥದ್ದಲ್ಲ, ಗಣಕಗಳ ಗುಂಪು ಬೇಕಾಗುತ್ತದೆ. ಚಿಂಪಾಂಜಿ ಮತ್ತು ಮಾನವನ ನಡುವೆ ಒಂದೊಂದೇ ಅಕ್ಷರದ ಬದಲಾವಣೆ ಶೇಕಡಾ 1.23ರಷ್ಟು ಎಂದು 2005ರಲ್ಲಿ ಲೆಕ್ಕ ಹಾಕಿದರು. ರೀಸಸ್ ಕೋತಿಗೂ ಮಾನವನಿಗೂ ಹೋಲಿಸಬಹುದಾದ ಭಾಗದಲ್ಲಿ ಸುಮಾರು ಶೇಕಡಾ 93 ಸಾಮ್ಯ. ಪ್ರೋಟೀನ್ ಬರೆಯುವ ಭಾಗಗಳು ಸಾಮಾನ್ಯವಾಗಿ ಚೆನ್ನಾಗಿ ಸಾಗುತ್ತವೆ. ನಕಲಾಗಿ ಹೆಚ್ಚಿದ ಜೀನ್ ಕುಟುಂಬಗಳು, ರೋಗನಿರೋಧಕ ಜೀನ್‌ಗಳು ಇರುವ ಜಾಗದಲ್ಲಿ ಮಾತ್ರ ಬಂದ ಉತ್ತರವನ್ನು ಕಣ್ಣಾರೆ ಬ್ರೌಸರಿನಲ್ಲಿ ನೋಡದೆ ನಂಬಬೇಡಿ.

ಹೊಸ ಜೋಡಣೆಗಳಲ್ಲಿ ಒಂದೇ ಪ್ರಾಣಿಗೆ ಎರಡು ಜೀನೋಮ್ ಇವೆ. ಯಾವುದನ್ನು ಸೇರಿಸಬೇಕು?

ತಾಯಿಯಿಂದ ಬಂದದ್ದು ಒಂದು, ತಂದೆಯಿಂದ ಬಂದದ್ದು ಒಂದು. ಹಿಂದೆ ಎರಡನ್ನೂ ಬೆರೆಸಿ ಒಂದು ಅನುಕ್ರಮ ಮಾಡುತ್ತಿದ್ದರು. ಅಂಥ ಅನುಕ್ರಮ ಯಾವ ಜೀವಿಯಲ್ಲೂ ಹಾಗೆಯೇ ಇರುವುದಿಲ್ಲ. 2025ರಲ್ಲಿ ಚಿಂಪಾಂಜಿ, ಬೊನೊಬೊ, ಗೊರಿಲ್ಲಾ, ಬೋರ್ನಿಯೊ ಮತ್ತು ಸುಮಾತ್ರಾದ ಒರಾಂಗುಟಾನ್, ಸಿಯಾಮಂಗ್, ಈ ಆರು ವಾನರಗಳ ತುದಿಯಿಂದ ತುದಿಯವರೆಗಿನ ಜೀನೋಮ್‌ಗಳು ಎರಡೂ ಪ್ರತಿಗಳನ್ನು ಬೇರ್ಪಡಿಸಿ ಪ್ರಕಟವಾದವು. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಕೆಲಸ ಅದು. ಸೆಂಟ್ರೊಮಿಯರ್‌ಗಳು (ವರ್ಣತಂತುವಿನ ಸೊಂಟದಂಥ ಭಾಗ), ವೈ ವರ್ಣತಂತುವಿನ ಪುನರಾವರ್ತನೆಗಳು, ಇಪ್ಪತ್ತು ವರ್ಷ ಖಾಲಿ ಬಿಟ್ಟಿದ್ದ ಜಾಗಗಳೆಲ್ಲ ಈಗ ಓದಲು ಸಿಗುತ್ತವೆ.

ಎರಡನ್ನೂ ಎರಡು ಪ್ರತ್ಯೇಕ ಜೀನೋಮ್‌ಗಳಾಗಿ ಸೇರಿಸಿ, ಒಂದನ್ನು ಮುಖ್ಯ ಎಂದು ಹೆಸರಿಸಿ, ಎಕ್ಸ್ ಮತ್ತು ವೈ ಯಾವುದರಲ್ಲಿ ಇವೆ ಎಂದು ವಿವರಣೆಯಲ್ಲಿ ಬರೆಯಿರಿ. ಸೀಕ್ವೆನ್ಸಿಂಗ್ ತುಣುಕುಗಳನ್ನು ಕೂರಿಸುವಾಗ, ಅಂದರೆ ಪ್ರತಿಯೊಂದೂ ಜೀನೋಮ್‌ನ ಯಾವ ಜಾಗದ್ದು ಎಂದು ಹೊಂದಿಸುವಾಗ, ಎರಡನ್ನೂ ಒಂದೇ ಫೈಲ್‌ಗೆ ಸುರಿಯಬೇಡಿ. ಪ್ರತಿ ತುಣುಕಿಗೂ ಎರಡು ಮನೆ ಸಿಕ್ಕಂತಾಗಿ ಯಾವುದನ್ನೂ ಖಚಿತವಾಗಿ ಕೂರಿಸಲಾಗದು.

ಫೈಲ್‌ಗಳನ್ನು ಎಲ್ಲಿ ಇಡಬೇಕು? ಮನೆಯ ಲ್ಯಾಪ್‌ಟಾಪ್ ಸಾಕೇ?

ಸಾಲದು. ಯುಸಿಎಸ್‌ಸಿಯ ಸರ್ವರ್ ನಿಮ್ಮ ಫೈಲನ್ನು ಜಾಲದ ಮೂಲಕ ತಲುಪಬೇಕು. ಜೊತೆಗೆ ನಿಮ್ಮ ಸರ್ವರ್ ಫೈಲಿನ ನಡುವಿನ ಒಂದು ತುಣುಕನ್ನಷ್ಟೇ ಕೇಳಿದರೆ ಅದನ್ನಷ್ಟೇ ಕೊಡಲು ಶಕ್ತವಾಗಿರಬೇಕು. ಇದಕ್ಕೆ ಬೈಟ್ ರೇಂಜ್ ಎನ್ನುತ್ತಾರೆ. ಬ್ರೌಸರ್ ಮುಕ್ಕಾಲು ಗಿಗಾಬೈಟ್‌ನ ಟುಬಿಟ್ ಫೈಲನ್ನು ಇಡಿಯಾಗಿ ಇಳಿಸಿಕೊಳ್ಳುವುದಿಲ್ಲ, ಕಣ್ಣ ಮುಂದಿರುವ ಜಾಗದ ಅಕ್ಷರಗಳನ್ನು ಮಾತ್ರ ಕೇಳುತ್ತದೆ. ವಿಶ್ವವಿದ್ಯಾಲಯದ ಸಾಮಾನ್ಯ ವೆಬ್ ಸರ್ವರ್‌ಗಳು ಇದನ್ನು ಮಾಡುತ್ತವೆ. ಫೋಟೊ ಹಂಚಿಕೊಳ್ಳುವಂಥ ಉಚಿತ ಡ್ರೈವ್‌ಗಳು ಹೆಚ್ಚಾಗಿ ಆಗಿಬರುವುದಿಲ್ಲ. ಐಜಿವಿಯ ವೆಬ್ ರೂಪ, ಜೆಬ್ರೌಸ್‌ಗಳು ನೋಡುಗರ ಕಂಪ್ಯೂಟರಿನಿಂದಲೇ ಫೈಲ್ ಕೇಳುವುದರಿಂದ ಬೇರೆ ತಾಣದ ಕೋರಿಕೆಗೆ ಅನುಮತಿ ಕೊಡುವ ಸಿಒಆರ್‌ಎಸ್ ವ್ಯವಸ್ಥೆಯನ್ನೂ ಸರ್ವರಿನಲ್ಲಿ ಮಾಡಿರಬೇಕು.

ಫೈಲ್ ಬದಲಿಸಿದರೂ ಹಳೆಯದೇ ಕಾಣುತ್ತಿದ್ದರೆ ಗಾಬರಿ ಬೇಡ. ಯುಸಿಎಸ್‌ಸಿ ಒಮ್ಮೆ ಓದಿದ್ದನ್ನು 300 ಸೆಕೆಂಡು ಇಟ್ಟುಕೊಂಡಿರುತ್ತದೆ.

ಪ್ರಬಂಧ ಪ್ರಕಟವಾಗುವವರೆಗೆ ಜೀನೋಮನ್ನು ಗುಟ್ಟಾಗಿ ಇಡಬಹುದೇ?

ಹಬ್ ಸಾರ್ವಜನಿಕ ಪಟ್ಟಿಗೆ ತಾನಾಗಿ ಸೇರುವುದಿಲ್ಲ, ಆದರೆ ಕೊಂಡಿ ಸಿಕ್ಕವರೆಲ್ಲ ನೋಡಬಹುದು. ನಿಜಕ್ಕೂ ಒಳಗೇ ಇರಬೇಕಾದರೆ ಯುಸಿಎಸ್‌ಸಿ ಬ್ರೌಸರನ್ನು ವರ್ಚುವಲ್ ಯಂತ್ರವಾಗಿ ನಿಮ್ಮ ಕಂಪ್ಯೂಟರಿನಲ್ಲೇ ಓಡಿಸುವ ವ್ಯವಸ್ಥೆ ಇದೆ, ಡೆಸ್ಕ್‌ಟಾಪ್ ಐಜಿವಿಯೂ ಇದೆ.

ಬೆಂಗಳೂರು, ಮೈಸೂರಿನ ಕೋತಿಗಳ ದತ್ತಾಂಶಕ್ಕೆ ರೀಸಸ್ ಜೀನೋಮ್ ಬಳಸಬಹುದೇ?

ನಮ್ಮ ಊರುಗಳಲ್ಲಿ ಕಾಣುವ ಸಾಮಾನ್ಯ ಕೋತಿ ಬಾನೆಟ್ ಮಕಾಕ್, ಮಕಾಕಾ ರೇಡಿಯೇಟಾ. ದಕ್ಷಿಣ ಭಾರತದ್ದೇ ಪ್ರಾಣಿ. ರೀಸಸ್ ಉತ್ತರದ್ದು. ಇಬ್ಬರಿಗೂ 42 ವರ್ಣತಂತು, ಒಂದೇ ಕುಲ, ಆದರೆ ಕುಲದೊಳಗಿನ ಗುಂಪು ಬೇರೆ. ಪಶ್ಚಿಮ ಘಟ್ಟದ ಸಿಂಗಳೀಕ ಮೂರನೆಯ ಗುಂಪಿನದು. ಇವುಗಳ ಸೀಕ್ವೆನ್ಸಿಂಗ್ ತುಣುಕುಗಳನ್ನು ಎಂಮುಲ್_10ರ ಮೇಲೆ ಕೂರಿಸಬಹುದು, ಬಹುಪಾಲು ಕೂರುತ್ತವೆ. ಸಂತತಿಗಳ ನಡುವಿನ ವ್ಯತ್ಯಾಸ, ಸಂಬಂಧಿಕತೆ ಇಂಥ ಲೆಕ್ಕಗಳಿಗೆ ಅದು ಸಾಕಾಗಬಹುದು.

ಆದರೆ ಆಕರದಿಂದ ಹೆಚ್ಚು ಬೇರೆಯಾದ ತುಣುಕುಗಳು ಕೂರದೆ ಬಿದ್ದುಹೋಗುತ್ತವೆ. ಬಾನೆಟ್ ಮಕಾಕ್‌ನಲ್ಲಿ ಇದ್ದು ರೀಸಸ್‌ನಲ್ಲಿ ಇಲ್ಲದ ಭಾಗ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ವ್ಯತ್ಯಾಸ ಇರುವಲ್ಲೇ ದತ್ತಾಂಶ ತೆಳುವಾಗುತ್ತದೆ, ನಾವು ಹುಡುಕುತ್ತಿರುವುದೂ ಹೆಚ್ಚಾಗಿ ಅಲ್ಲೇ ಇರುತ್ತದೆ. 2023ರಲ್ಲಿ 233 ಪ್ರೈಮೇಟ್ ಪ್ರಭೇದಗಳ 809 ಪ್ರಾಣಿಗಳ ಜೀನೋಮ್ ದತ್ತಾಂಶ ಪ್ರಕಟವಾಯಿತು. ಪ್ರತಿ ಪ್ರಭೇದಕ್ಕೂ ಅದರದೇ ಆಕರ ಇರಲಿಲ್ಲವಾದ್ದರಿಂದ ಅಲ್ಲಿಯೂ ಹತ್ತಿರದ ಪ್ರಭೇದದ ಆಕರವನ್ನು ಬಳಸಬೇಕಾಯಿತು. ತುಮಕೂರಿನ ನಾಗವಲ್ಲಿಯ ಕಾಡುಪಾಪವಾದರೆ ಈ ಅಂತರ ಇನ್ನೂ ದೊಡ್ಡದು. ಅದು ಕೋತಿಗಳಿಂದ ಬಹಳ ಹಿಂದೆಯೇ ಕವಲೊಡೆದ ಶಾಖೆ, ಅದಕ್ಕೆ ಮಕಾಕ್ ಜೀನೋಮ್ ಕೆಲಸಕ್ಕೆ ಬರುವುದಿಲ್ಲ.

ಇಲ್ಲಿನ ಪ್ರಾಣಿಗಳ ಹೊಸ ಜೋಡಣೆ ಮಾಡುವವರು ಮಾದರಿ ತೆಗೆಯುವ ಮೊದಲೇ ಅರಣ್ಯ ಇಲಾಖೆಯ ಅನುಮತಿ ಪಡೆದಿರಬೇಕು. ಹೊರದೇಶದ ಪಾಲುದಾರರಿದ್ದರೆ 2002ರ ಜೀವವೈವಿಧ್ಯ ಕಾಯ್ದೆಯ ನಿಯಮಗಳನ್ನೂ ನೋಡಬೇಕು. ಆ ಕಾಗದಗಳ ಉಲ್ಲೇಖವನ್ನು ಜೀನೋಮ್‌ನ ವಿವರಣೆ ಪುಟದಲ್ಲೇ ಹಾಕಿ. ದತ್ತಾಂಶ ಒಪ್ಪಿಸಲು ಫರಿದಾಬಾದಿನಲ್ಲಿ 2022ರಲ್ಲಿ ಉದ್ಘಾಟನೆಯಾದ ಭಾರತೀಯ ಜೈವಿಕ ದತ್ತಾಂಶ ಕೇಂದ್ರವೂ ಇದೆ.

ಹೊಸ ಆವೃತ್ತಿ ಬಂದಾಗ ಹಳೆಯದನ್ನು ತೆಗೆದುಹಾಕಲೇ?

ತೆಗೆಯಬೇಡಿ, ಹಳೆಯದರ ಮೇಲೆ ಹೊಸದನ್ನು ಬರೆಯಲೂ ಬೇಡಿ. ಹೊಸ ಆವೃತ್ತಿಗೆ ಹೊಸ ಗುರುತು, ಹೊಸ ಫೋಲ್ಡರ್, ಎರಡರ ನಡುವೆ ಒಂದು ಸರಪಳಿ ಫೈಲ್. ಒಂದೇ ಹೆಸರಿನಡಿ ಬೇರೆ ಅನುಕ್ರಮ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಮಾನವ ಜೀನೋಮ್‌ನಲ್ಲೇ ಉದಾಹರಣೆ ಇದೆ. ಎಚ್‌ಜಿ38ಕ್ಕಿಂತ ಹಿಂದಿನ ಮಾನವ ಜೋಡಣೆಯಾದ ಎಚ್‌ಜಿ19ರ ಮೈಟೊಕಾಂಡ್ರಿಯವಾಗಿ ಯುಸಿಎಸ್‌ಸಿಯಲ್ಲಿ ಇದ್ದದ್ದು 16,571 ಅಕ್ಷರಗಳ ಒಂದು ಅನುಕ್ರಮ. ಮೈಟೊಕಾಂಡ್ರಿಯ ಸಂಶೋಧಕರು ಬಳಸುತ್ತಿದ್ದದ್ದು 16,569 ಅಕ್ಷರಗಳ ಇನ್ನೊಂದು. ಎರಡೇ ಅಕ್ಷರದ ವ್ಯತ್ಯಾಸ ಎನಿಸಬಹುದು, ಆದರೆ ಸ್ಥಾನಗಳು ಸರಿದುಹೋದವು, ಒಳಗೂ ವ್ಯತ್ಯಾಸಗಳಿದ್ದವು. ಸ್ಥಾನವೊಂದನ್ನು ಓದಿದವರೆಲ್ಲ ವರ್ಷಗಳ ಕಾಲ ‘ಇದು ಯಾವ ಮೈಟೊಕಾಂಡ್ರಿಯ’ ಎಂದು ಮೊದಲು ವಿಚಾರಿಸಿಕೊಳ್ಳಬೇಕಾಯಿತು. ಕೊನೆಗೆ ಯುಸಿಎಸ್‌ಸಿ ಹಳೆಯದನ್ನು ಹಾಗೆಯೇ ಉಳಿಸಿ, ಸರಿಯಾದ ಅನುಕ್ರಮವನ್ನು ಬೇರೆ ಹೆಸರಿನಲ್ಲಿ ಪಕ್ಕದಲ್ಲಿ ಸೇರಿಸಿತು.